ಚಂದ್ರಿಗೆ ಬೇಕಾದ ಕೆಮ್ಮು

"ನನ್ನ ಎಮ್ಮಿಗೆ ಏನ ಕಲಿಸಿ ಇಟ್ಟೀರಿ, ಅದನ್ನ ಮೊದಲ ಹೇಳ್ರಿ," ಎಂದು ಸುಶೀಲವ್ವ ಖಾಲಿ ಚರಿಗೆಯನ್ನು ಗಂಡನ ಕಾಲ ಬುಡಕ್ಕೆ ಒಗೆದಳು.

"ನಾ ಏನ ಕಲಸಲಿ? ನಾ ಏನ ಎಮ್ಮಿ ಸಾಲಿ ಮಾಸ್ತರೇನು?" ಎಂದ ಈರಬಸಪ್ಪ.

"ಮೂರು ಸಲ ಕುಂತೆ, ಮೂರು ಸಲ ಒದ್ದಾಳ. ನನ್ನ ಮಾರಿ ನೋಡಿ, ಗುರತು ಹಿಡದು ಒದ್ದಾಳ. ಒಂದು ಹನಿ ಹಾಲು ಇಳಸವಲ್ಲಳು."

"ನಲವತ್ತು ದಿನ ಮನಿ ಬಿಟ್ಟು ಹೋಗಿ ಕುಂತಿ. ಎಮ್ಮಿ ಏನ ನಿನ್ನ ಫೋಟೋ ಮುಂದಿಟಗೊಂಡು ಅಳಕೋತ ಕುಂತಿರಬೇಕಾಗಿತ್ತೇನು?"

"ಮಾತು ತಿರುವಬ್ಯಾಡ್ರಿ. ನಾ ಇಲ್ಲದಾಗ ಹೆಂಗ ಹಿಂಡಿದ್ರಿ? ಸೀರಿ ಉಟ್ಟಿದ್ರೋ ಇಲ್ಲೋ?"

ಆ ಸೀರೆಯ ಮಾತೊಂದನ್ನು ಆಕೆ ಎತ್ತಬಾರದಾಗಿತ್ತು.

ಎಮ್ಮೆ ಹಿಂಡುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿ ಬಿಡದ ಸಂಗತಿ. ಒಬ್ಬ ಹೆಣ್ಣುಮಗಳ ಕೈಗೆ, ವಾಸನೆಗೆ, ದನಿಗೆ ಹೊಂದಿಕೊಂಡ ಎಮ್ಮೆ ಮತ್ತೊಬ್ಬರಿಗೆ ಹಾಲು ಕೊಡುವುದಿಲ್ಲ. ಅದರಲ್ಲೂ ಕರು ಸತ್ತ ಎಮ್ಮೆಯಾದರೆ ಮುಗಿದೇ ಹೋಯಿತು. ಆ ಹೆಣ್ಣುಮಗಳು ಊರಿಗೆ ಹೋದರೆ ಮನೆಯ ಗಂಡಸು ಆಕೆ ಉಟ್ಟು ಬಿಟ್ಟ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಬಾಯಿ ಮುಚ್ಚಿಕೊಂಡು ಹಿಂಡಬೇಕು. ಎಷ್ಟೋ ಮಂದಿ ಮೀಸೆಯವರು ಹೀಗೆ ಹಿಂಡಿದ್ದಾರೆ. ಹಿಂಡಿ, ಸೀರೆ ಬಿಚ್ಚಿಟ್ಟು, ಕಟ್ಟೆಗೆ ಬಂದು ರಾಜಕೀಯ ಮಾತಾಡಿದ್ದಾರೆ.

ಎರಡು ವರ್ಷದ ಹಿಂದೆ ಈರಬಸಪ್ಪನೂ ಉಟ್ಟಿದ್ದ. ಅವರ ಊರು ತಂಬೂರಿನಲ್ಲಿ ಮನೆಮನೆಯ ಹಾಲು ಕೂಡಿಸಿ ಡೇರಿಗೆ ಒಯ್ಯುವವನು ಮಶಾಕಸಾಬ. ಅವನು ಬೈಕಿನ ಎರಡೂ ಬಾಜು ಕ್ಯಾನು ಕಟ್ಟಿಕೊಂಡು ಬಂದು, ಬೆನ್ನು ಕಂಡು, "ಅಕ್ಕಾರ, ಊರಿಂದ ಯಾವಾಗ ಬಂದ್ರಿ?" ಎಂದು ಕೇಳಿದ. ಅಕ್ಕಾರು ತಿರುಗಿದರು. ಅಕ್ಕಾರಿಗೆ ಮೂರು ದಿನದ ಗಡ್ಡ ಇತ್ತು. ಮಶಾಕಸಾಬ ನಗಲಿಲ್ಲ, ಪಾಪ. ಬೈಕು ಹತ್ತಿ ಮುಂದಿನ ಓಣಿಯವರೆಗೂ ತಡೆದುಕೊಂಡ. ಆಮೇಲೆ ಆ ಸುದ್ದಿ ಕಲಘಟಗಿ ಸಂತೆಯವರೆಗೂ ಹೋಗಿ ಬಂತು.

ಅಂದೇ ಈರಬಸಪ್ಪ ನಿರ್ಧರಿಸಿದ್ದ. ಇನ್ನು ಹೆಂಡತಿಯ ಸೀರೆಯೂ ಬೇಡ, ಹೆಂಡತಿಯ ಹಂಗೂ ಬೇಡ. ಯಾರ ಮುಲಾಜೂ ಇಲ್ಲದೆ ತನ್ನ ಎಮ್ಮೆಯನ್ನು ತಾನು ಹಿಂಡಬೇಕು. ಸ್ವತಂತ್ರ ಮನುಷ್ಯ ಅನ್ನಿಸಿಕೊಳ್ಳಬೇಕು.

ಈ ಸಲ ಅಣ್ಣಿಗೇರಿಯಲ್ಲಿ ಸುಶೀಲವ್ವನ ಅಕ್ಕ ಕಸ್ತೂರೆವ್ವ ಬಚ್ಚಲಿನಲ್ಲಿ ಜಾರಿ ಕಾಲು ಮುರಿದುಕೊಂಡಳು. ಅಕ್ಕನ ಸೇವೆಗೆ ಸುಶೀಲವ್ವ ಹೊರಡುವ ದಿನ ಬೆಳಗ್ಗೆ ಈರಬಸಪ್ಪ ಕೊಟ್ಟಿಗೆಯ ಗೂಡಿನಲ್ಲಿ ಫೋನು ಇಟ್ಟು, ತಾನು ಹೊಟ್ಟಿನ ರಾಶಿಯ ಹಿಂದೆ ಕೂತು, ಆಕೆ ಹಿಂಡುವಾಗಿನ ಮಾತೆಲ್ಲ ರೆಕಾರ್ಡು ಮಾಡಿಕೊಂಡ. ಎರಡು ನಿಮಿಷ ನಲವತ್ತು ಸೆಕೆಂಡು. ಮರುದಿನದಿಂದ ಅಂಗಿಯ ಕಿಸೆಯಲ್ಲಿ ಫೋನು ಹಾಡಿಸುತ್ತ, ತನ್ನದೇ ಧೋತರದಲ್ಲಿ ಕೂತು ಹಿಂಡಿದ. ಮೊದಲ ಎರಡು ದಿನ ಎಮ್ಮೆ ಚಂದ್ರಿ ಅನುಮಾನಪಟ್ಟಳು. ಮೂರನೆಯ ದಿನ ಹಾಲು ಇಳಿಸಿದಳು. ಅವನು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ, "ಹೆಂಡ್ತಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಎಲ್ಲಾ ಕಿಸೆದಾಗ ಐತಿ," ಎಂದು ಭಾಷಣ ಬಿಗಿದ.

ಈಗ ಸೀರೆಯ ಮಾತು ಬಂದದ್ದೇ ತಡ, ಅವನಿಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿಡಬೇಕಾದ್ದನ್ನು ಮುಚ್ಚಿಡುವ ಬುದ್ಧಿ ಸಿಟ್ಟಿನವರಿಗೆ ಇರುವುದಿಲ್ಲ.

"ಸೀರಿ ಉಡೂ ಕಾಲ ಹೋತು. ಇಲ್ಲೆ ಕೇಳ," ಎಂದು ಫೋನು ತೆಗೆದು ಒತ್ತಿದ.

ಫೋನಿನೊಳಗಿಂದ ಸುಶೀಲವ್ವನದೇ ದನಿ ಬಂತು. "ಬಾ ನನ್ನವ್ವಾ, ಬಾ ಚಂದ್ರಿ. ಇಳಸವ್ವಾ ತಾಯಿ. ನೀ ಭಾಳ ಶ್ಯಾಣ್ಯಾಕಿ. ಈ ಮನಿಯಾಗ ಬುದ್ಧಿ ಇರೂದು ನಿನಗೊಂದು, ನನಗೊಂದು. ಆ ಮನಷ್ಯಾಗ ಕೊಡೂದು ದೇವರು ಮರತಾನ."

ಆಮೇಲೆ ಖೊಳ್ ಖೊಳ್ ಎಂದು ಉದ್ದನೆಯ ಕೆಮ್ಮು. ಹೊಟ್ಟಿನ ಹಿಂದೆ ಕೂತವನ ಬೀಡಿಯ ಕೆಮ್ಮು ಅದು.

"ಕೇಳಿದೇನು? ಎಲ್ಲ್ಯೋ ಕುಂತು ಕೆಮ್ಮಾಕತ್ತಾನ. ಹರ್ಯಾಗೆದ್ದು ಕೆಮ್ಮೂದೊಂದ ಕೆಲಸ ಅವಗ."

ಆಮೇಲೆ ಪೀಂ ಪೀಂ ಎಂದು ಮಶಾಕಸಾಬನ ಹಾರ್ನು. "ಬಂದ ನೋಡು ಹಾಲಿನಾಂವ. ಲಗೂನ ಇಳಸವ್ವಾ."

ಹಾರ್ನು ಕೇಳಿದ್ದೇ ಕೊಟ್ಟಿಗೆಯಲ್ಲಿ ಕಟ್ಟಿದ್ದ ಚಂದ್ರಿ ಎರಡೂ ಕಿವಿ ಇಳಿಬಿಟ್ಟಳು. ನಾಲ್ಕೂ ಮೊಲೆಗಳಿಂದ ಹಾಲು ತೊಟತೊಟ ನೆಲಕ್ಕೆ ಬಿತ್ತು. ಹಿಂಡುವವರೇ ಇರಲಿಲ್ಲ.

ಸುಶೀಲವ್ವ ನೆಲದ ಮೇಲಿನ ಹಾಲು ನೋಡಿದಳು, ಫೋನು ನೋಡಿದಳು. "ನಾ ಬಾಯಿಲೆ ಹೇಳಿದ್ರ ಒದೀತಾಳ, ಈ ಡಬ್ಬಿ ಹೇಳಿದ್ರ ಸುರೀತಾಳ. ನನ್ನ ದನಿ ಕದ್ದೀರಿ ನೀವು," ಎಂದಳು. ಫೋನು ಕಿತ್ತುಕೊಂಡು ಎಮ್ಮೆಗೆ ಕಲಗಚ್ಚು ಹಾಕುವ ಕಲ್ಲಿನ ಬಾನಿಯೊಳಗೆ ಒಗೆದಳು. ಗುಳುಂ ಎಂದಿತು.

ಫೋನು ಎರಡು ದಿನ ಅಕ್ಕಿಯ ಡಬ್ಬಿಯಲ್ಲಿ ಮಲಗಿತು. ಏಳಲಿಲ್ಲ. ಆ ಅಕ್ಕಿಯನ್ನು ಅನ್ನ ಮಾಡಿದರು. ಅನ್ನಕ್ಕೆ ಕಲಗಚ್ಚಿನ ವಾಸನೆ ಬಂತು. ಅದಕ್ಕೊಂದು ಬೇರೆ ಜಗಳ ಆಯಿತು, ಅದು ಇಲ್ಲಿ ಬೇಡ.

ಫೋನು ಬಾನಿಗೆ ಬಿದ್ದ ಸಂಜೆಯೇ ಸಂಕಟ ಶುರುವಾಯಿತು. ಚಂದ್ರಿಯ ಕೆಚ್ಚಲು ಬಿಗಿದು ಮದ್ದಳೆಯಾಗಿತ್ತು. ನಿಂತಲ್ಲಿ ನಿಲ್ಲದೆ ಒದರುತ್ತಿದ್ದಳು. ಸುಶೀಲವ್ವ ಕೂತು ಮೈ ಸವರಿದಳು, ಶೇಂಗಾ ಹಿಂಡಿ ತಿನ್ನಿಸಿದಳು, ನಲವತ್ತು ದಿನ ಬಿಟ್ಟು ಹೋದದ್ದಕ್ಕೆ ತಪ್ಪಾಯಿತೆಂದಳು. ಅಣ್ಣಿಗೇರಿಯ ಸುದ್ದಿ, ಕಸ್ತೂರೆವ್ವನ ಕಾಲಿನ ಸುದ್ದಿ ಎಲ್ಲ ಹೇಳಿದಳು. ಎಮ್ಮೆಗೆ ಕಸ್ತೂರೆವ್ವನ ಕಾಲು ಬೇಕಾಗಿರಲಿಲ್ಲ.

ಈರಬಸಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೊಳಗೆ ಖುಷಿಯಾಗಿತ್ತು. ಆ ಖುಷಿಯಲ್ಲಿ ಒಂದು ಬೀಡಿ ಹಚ್ಚಿ, ಕೆಮ್ಮಿದ.

ಚಂದ್ರಿಯ ಕಿವಿ ಟಪ್ಪೆಂದು ತಿರುಗಿತು.

ಇಬ್ಬರೂ ಅದನ್ನು ಕಂಡರು.

"ಇನ್ನೊಮ್ಮೆ ಕೆಮ್ಮರಿ," ಎಂದಳು ಸುಶೀಲವ್ವ.

"ಹಂಗ ಕೆಮ್ಮಿದ್ರ ಬರೂದಿಲ್ಲ. ಮೊದಲ ನೀ ಅನಬೇಕು, ಆಮ್ಯಾಲ ನಾ ಕೆಮ್ಮಬೇಕು. ಅದರಾಗ ಹಂಗ ಐತಿ."

"ಏನ ಅನಬೇಕು?"

"ನನಗ ಬುದ್ಧಿ ಕೊಡೂದು ದೇವರು ಮರತಾನ ಅಂತ ಅನಬೇಕು."

ತನ್ನ ಬಾಯಿಂದಲೇ ಅದನ್ನು ಹೇಳಿಕೊಡಬೇಕಾದದ್ದು ಅವನಿಗೆ ಕಷ್ಟವಾಯಿತು. ನಲವತ್ತು ದಿನ ಎರಡೂ ಹೊತ್ತು ಕೇಳಿದ್ದ. ಆಕೆಯ ಮಾತು ಆಕೆಗಿಂತ ಅವನಿಗೇ ಬಾಯಿಪಾಠವಾಗಿತ್ತು. ಅವನು ಹೇಳಿಕೊಟ್ಟ, ಆಕೆ ಎಮ್ಮೆಗೆ ಹೇಳಿದಳು, ಅವನು ಹೊಟ್ಟಿನ ಹಿಂದೆ ಹೋಗಿ ಕೆಮ್ಮಿದ. ಚಂದ್ರಿ ಅರ್ಧ ಒಪ್ಪಿದಳು. ಕಾಲು ಅಗಲಿಸಿ ನಿಂತು, ಏನನ್ನೋ ಕಾಯತೊಡಗಿದಳು.

"ಹಾರ್ನು," ಎಂದ ಈರಬಸಪ್ಪ. ಬರಿಗಾಲಲ್ಲಿ ಮಶಾಕಸಾಬನ ಮನೆಗೆ ಓಡಿದ.

ಮಶಾಕಸಾಬ ಊಟಕ್ಕೆ ಕೂತಿದ್ದ. "ಲೇ ಸಾಬಾ, ಲಗೂನ ಬೈಕು ತಗಿ, ನಮ್ಮ ಮನಿ ಮುಂದ ಹಾರ್ನು ಹೊಡಿ," ಎಂದದ್ದಕ್ಕೆ ಅವನ ಹೆಂಡತಿ ಶಮೀಮಾಬಿ, "ಯಾಕ್ರಿ ಕಾಕಾ, ಯಾರಿಗರ ಆರಾಮಿಲ್ಲೇನು?" ಎಂದು ಗಾಬರಿಯಾದಳು. ಮಶಾಕಸಾಬ ಎಂಜಲು ಕೈಯಲ್ಲೇ ಬಂದು ಪೀಂ ಪೀಂ ಎನ್ನಿಸಿದ. ಚಂದ್ರಿ ಹಾಲು ಸುರಿದಳು. ಸುಶೀಲವ್ವನ ಕೈ ತುಂಬ, ಚರಿಗೆ ತುಂಬ.

ಎಲ್ಲ ಕೇಳಿ ತಿಳಿದುಕೊಂಡ ಮಶಾಕಸಾಬ, "ಮದವಿ ಬ್ಯಾಂಡಿನವರೂ ಇಷ್ಟು ತಯಾರಿ ಮಾಡೂದಿಲ್ರಿ ಅಕ್ಕಾರ," ಎಂದ.

ಹೀಗೆ ಶುರುವಾದದ್ದು ದಿನದ ಕಾಯಕವಾಗಿ ಹೋಯಿತು. ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಮೂರು ಮಂದಿ ಸೇರಿ ಆ ಎರಡು ನಿಮಿಷ ನಲವತ್ತು ಸೆಕೆಂಡನ್ನು ಎಮ್ಮೆಯ ಮುಂದೆ ಆಡಿ ತೋರಿಸಬೇಕಾಯಿತು. ಫೋನು ಸತ್ತು ಹೋಗಿತ್ತು, ಅದು ಮಾಡುತ್ತಿದ್ದ ಕೆಲಸಕ್ಕೆ ಇವರು ನಿಂತಿದ್ದರು. ಒಂದು ಮಾತು ಹೆಚ್ಚಾಗುವಂತಿಲ್ಲ, ಒಂದು ಮಾತು ಕಡಿಮೆಯಾಗುವಂತಿಲ್ಲ. ಸಂಜೆ ಹಿಂಡುವಾಗಲೂ ಸುಶೀಲವ್ವ ಬೆಳಗಿನ ಮಾತನ್ನೇ, "ಹರ್ಯಾಗೆದ್ದು ಕೆಮ್ಮೂದೊಂದ ಕೆಲಸ" ಎಂದೇ ಅನ್ನಬೇಕು. ಒಮ್ಮೆ ಸಂಜೆಯಲ್ಲವೇ ಎಂದು "ಹೊತ್ತು ಮುಣಗಿದ್ರ ಕೆಮ್ಮೂದೊಂದ ಕೆಲಸ" ಎಂದು ತಿದ್ದಿದಳು. ಇಳಿದ ಹಾಲು ಹಾಗೇ ಮೇಲೇರಿತು.

ಆಕೆಗೆ ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಗಂಡನನ್ನು ಬೈಯುವುದಕ್ಕೆ ಹೊಸ ಹೊಸ ಕಾರಣ ದಿನಾ ಹುಟ್ಟುತ್ತಿದ್ದವು. ಗಿರಣಿಗೆ ಹೋದವನು ಹಿಟ್ಟು ಅಲ್ಲೇ ಮರೆತು ಬಂದ. ಗೋವಿನಜೋಳದ ಚೀಲ ಮಳೆಗೆ ಬಿಟ್ಟ. ಹಿಂದಾದರೆ ಅದನ್ನೆಲ್ಲ ಎಮ್ಮೆಯ ಕಿವಿಗೆ ಹಾಕಿ ಹಗುರಾಗುತ್ತಿದ್ದಳು. ಈಗ ಹಿಟ್ಟಿನ ಸುದ್ದಿ ತೆಗೆದರೆ ಚಂದ್ರಿ ಬಾಲ ಬೀಸುತ್ತಿದ್ದಳು. ಹಿಂಡಿದ ಮೇಲೆ ಬೈದರಾಯಿತು ಎಂದು ಇಟ್ಟುಕೊಂಡರೆ, ಹಿಂಡುವಷ್ಟರಲ್ಲಿ ಮರೆತಿರುತ್ತಿತ್ತು. ಕಡೆಗೆ ಹಿಟ್ಟಿಗೂ, ಚೀಲಕ್ಕೂ, ಏನೇ ತಪ್ಪಿಗೂ "ಬುದ್ಧಿ ಕೊಡೂದು ದೇವರು ಮರತಾನ" ಎಂಬ ಒಂದೇ ಬೈಗುಳ ಉಳಿಯಿತು. ಇಪ್ಪತ್ತೇಳು ವರ್ಷ ಬಗೆಬಗೆಯಾಗಿ ಬೈದ ಹೆಂಗಸು. ಬಾಯಿ ಬಡವಾಯಿತು.

ಈರಬಸಪ್ಪನ ಪಾಡು ಬೇರೆ. ಯಾರ ಹಂಗೂ ಬೇಡ ಎಂದಿದ್ದವನು ಎರಡೂ ಹೊತ್ತು ಹೊಟ್ಟಿನ ಹಿಂದೆ ಕೂರಬೇಕಾಯಿತು. ಹುಬ್ಬಳ್ಳಿಗೆ ಹೋದರೆ ಆರರೊಳಗೆ ಬರಬೇಕು. ಮಾತು ನಡುವೆ ಬಿಟ್ಟು ಏಳಬೇಕು. ಕಟ್ಟೆಯಲ್ಲಿ, "ಯಾಕ ಈರಬಸಣ್ಣಾ, ಎಲ್ಲಿಗೆ ಹೊಂಟಿ?" ಎಂದರೆ, "ಕೆಮ್ಮಾಕ" ಎನ್ನಬೇಕು. ನಡುವೆ ಥಂಡಿ ಹೆಚ್ಚಾಗಿ ಕಲಘಟಗಿಯ ಡಾಕ್ಟರಿಗೆ ತೋರಿಸಿದ. ಅವರು ಬೀಡಿ ಬಿಡಿಸಿ ಔಷಧ ಕೊಟ್ಟರು. ಹತ್ತು ದಿನದಲ್ಲಿ ಕೆಮ್ಮು ವಾಸಿಯಾಯಿತು. ಮನೆಯಲ್ಲಿ ಹಾಲು ನಿಂತಿತು. ಅವನು ಗಂಟಲು ಹರಿದುಕೊಂಡು ಸುಳ್ಳು ಕೆಮ್ಮು ಕೆಮ್ಮಿದ. ಚಂದ್ರಿ ತಿರುಗಿ ನೋಡಿ, ಮೂಗಿನಿಂದ ಗಾಳಿ ಬಿಟ್ಟಳು.

"ಎಮ್ಮಿಗೆ ಖರೇ ಯಾವದು ಸುಳ್ಳ ಯಾವದು ಗೊತ್ತಾಗತೈತಿ," ಎಂದು ಸುಶೀಲವ್ವ ಸೆರಗಿನ ಗಂಟಿನಿಂದ ಒಂದು ಕಟ್ಟು ಬೀಡಿ ತೆಗೆದು ಅವನ ಮುಂದಿಟ್ಟಳು. "ಸೇದ್ರಿ."

ಗಂಡ ಬೀಡಿ ಬಿಡಲೆಂದು ಇಪ್ಪತ್ತೇಳು ವರ್ಷ ಹರಕೆ ಹೊತ್ತವಳು. ಒಂದೇ ವಾರದಲ್ಲಿ ಹಳೇ ಕೆಮ್ಮು ಕೂಡಿ ಬಂತು. ಆಕೆ ದೇವರಿಗೆ ಊದಿನಕಡ್ಡಿ ಹಚ್ಚಿದಳು.

ಆಗ ತಿರ್ಲಾಪುರದಿಂದ ಸುದ್ದಿ ಬಂತು. ಈರಬಸಪ್ಪನ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಆಕೆಯ ಮಗ ಪ್ರಭುವಿನ ನಿಶ್ಚಯ. ಫೋನು ಮಶಾಕಸಾಬನಿಗೆ ಬಂತು, ಅವನು ತಂದು ಕೊಟ್ಟ.

"ಅಣ್ಣಾ, ಸ್ವಾದರಮಾವ ಇಲ್ಲದ ಹೆಂಗ ಮಾಡೂದು? ಎರಡು ದಿನ ಮೊದಲ ಬಾ," ಎಂದಳು ತಂಗಿ.

"ಬರಾಕ ಆಗೂದಿಲ್ಲವ್ವ."

"ಯಾಕ?"

"ಇಲ್ಲೆ ಕೆಮ್ಮವರು ಯಾರೂ ಇಲ್ಲ."

ತಂಗಿಗೆ ಏನು ತಿಳಿಯಿತೋ, ಫೋನು ಇಟ್ಟುಬಿಟ್ಟಳು. ನಿಶ್ಚಯ ಮಾವನಿಲ್ಲದೆ ಮುಗಿಯಿತು. ಈರಬಸಪ್ಪ ಆ ದಿನವೆಲ್ಲ ಹೊಟ್ಟಿನ ರಾಶಿಗೆ ಒದೆಯುತ್ತ ಓಡಾಡಿದ. ತಂಗಿಯ ಮಗನ ತಲೆಯ ಮೇಲೆ ಅಕ್ಷತೆ ಹಾಕುವುದಕ್ಕೂ ಎಮ್ಮೆಯನ್ನು ಕೇಳಬೇಕಾದರೆ ತಾನು ಎಂಥ ಗಂಡಸು? ಮದುವೆಗೆ ಮಾತ್ರ ಹೋಗಿಯೇ ಸಿದ್ಧ, ಎಮ್ಮೆ ಬತ್ತಿ ಹೋದರೂ ಸೈ ಎಂದು ಸಾರಿದ.

ಮದುವೆಗೆ ಆರು ದಿನ ಇದ್ದಾಗ ಪ್ರಭು ತಾನೇ ಲಗ್ನಪತ್ರಿಕೆ ಹಿಡಿದು ಬಂದ. ಸಂಜೆಯ ಆಟವನ್ನು ಹೊರಸಿನ ಮೇಲೆ ಕೂತು ನೋಡಿದ. ಅತ್ತೆ ಬೈದದ್ದು, ಮಾವ ಕೆಮ್ಮಿದ್ದು, ಮಶಾಕಸಾಬ ಹಾರ್ನು ಹೊಡೆದದ್ದು. ನಕ್ಕು ನಕ್ಕು ಹೊರಸಿನಿಂದ ಬಿದ್ದ. ಎದ್ದು ಮೈ ಜಾಡಿಸಿಕೊಂಡು, "ಮಾಮಾ, ನನ್ನ ಹಳೇ ಫೋನು ಐತಿ, ತಗೋ. ನಿನ್ನ ಕೆಮ್ಮು ತುಂಬಿಕೊಡ್ತೀನಿ. ಮದವಿಗೆ ಬಾ," ಎಂದ.

ಫೋನು ಅಂದ ಕೂಡಲೇ ಈರಬಸಪ್ಪ ಹೆಂಡತಿಯ ಮುಖ ನೋಡಿದ. ಆಕೆ ಸ್ವಲ್ಪ ಯೋಚಿಸಿದಳು.

"ನನ್ನ ದನಿ ಅದರಾಗ ಹಾಕಬಾರದು," ಎಂದಳು. "ಅವರ ಕೆಮ್ಮು ಹಾಕಾಕ ಅಡ್ಡಿಯಿಲ್ಲ."

ಈರಬಸಪ್ಪ ಹನ್ನೊಂದು ಸಲ ಕೆಮ್ಮಿದ. ಅದರಲ್ಲಿ ಒಳ್ಳೆಯದೊಂದನ್ನು ಪ್ರಭು ಆರಿಸಿದ. ಮಶಾಕಸಾಬನೂ ಖುಷಿಯಿಂದ ಹಾರ್ನು ತುಂಬಿಸಿ, "ನಾಳಿಯಿಂದ ನಾ ಊಟ ಪೂರಾ ಮಾಡ್ತೀನ್ರಿ," ಎಂದು ಹೋದ.

ಮರುದಿನ ಬೆಳಗ್ಗೆ ಗೂಡಿನಲ್ಲಿ ಫೋನು ಇಟ್ಟು ಸುಶೀಲವ್ವ ಕೂತಳು. ಮಾತು ಆಕೆಯದು, ಬಾಯಿಂದಲೇ. ಕೆಮ್ಮು, ಹಾರ್ನು ಫೋನಿನದು. ಚಂದ್ರಿ ದಿನಕ್ಕಿಂತ ಒಂದು ಲೋಟ ಹೆಚ್ಚು ಹಾಲು ಕೊಟ್ಟಳು. ಸುಶೀಲವ್ವ ಎದ್ದು ಫೋನನ್ನು ಸೆರಗಿನಿಂದ ಒರೆಸಿ, "ಶಹಬ್ಬಾಸ್," ಎಂದಳು.

ಈರಬಸಪ್ಪ ಹಿಂದೆಯೇ ನಿಂತಿದ್ದ. ಇಪ್ಪತ್ತೇಳು ವರ್ಷದಲ್ಲಿ ಆ ಮಾತು ಅವನಿಗೆ ಸಿಕ್ಕಿರಲಿಲ್ಲ.

"ದಿನಾ ಕೆಮ್ಮಾಂವ ನಾನು," ಎಂದ.

"ಹೌದ್ರಿ. ಇನ್ನ ಕೆಮ್ಮೂ ಕೆಲಸ ಇಲ್ಲ ನಿಮಗ. ಹತ್ತು ದಿನ ಬೇಕಾದ್ರ ಇದ್ದು ಬರ್ರಿ. ಇದು ಹೊತ್ತಿಗೆ ಸರಿಯಾಗಿ ಕೆಮ್ಮತೈತಿ. ನೀವು ಒಂದೊಂದು ದಿನ ತಡಾ ಮಾಡತಿದ್ರಿ."

ಅವನು ಬೇಡಿದ್ದೇ ಇದು. ಯಾರ ಹಂಗೂ ಇಲ್ಲ, ಯಾವ ಹೊತ್ತಿನ ಕಟ್ಟೂ ಇಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು. ಸಂಜೆ ಆರಕ್ಕೆ ಕಟ್ಟೆಯ ಮೇಲೆ ಕೂತ. ಕಾಲು ತಾವೇ ಎದ್ದವು. ಮನೆಗೆ ಬಂದು ಹೊಟ್ಟಿನ ಹಿಂದೆ ನಿಂತ. ಬೇಕೆಂದು ಬಂದದ್ದಲ್ಲ, ಅಭ್ಯಾಸ. ಹೆಂಡತಿ "ದೇವರು ಮರತಾನ" ಎಂದದ್ದೇ ಗಂಟಲಲ್ಲಿ ಕೆಮ್ಮು ಎದ್ದು ಬಂತು. ತಡೆಯಲು ಆಗಲಿಲ್ಲ. ಗೂಡಿನಲ್ಲಿ ಒಂದು ಕೆಮ್ಮು, ಹೊಟ್ಟಿನ ಹಿಂದೆ ಒಂದು ಕೆಮ್ಮು. ಚಂದ್ರಿ ಚರಿಗೆ ಒದ್ದಳು.

"ಇಬ್ಬಿಬ್ಬರು ಕೆಮ್ಮಬ್ಯಾಡ್ರಿ," ಎಂದು ಸುಶೀಲವ್ವ ಕೂಗಿದಳು.

"ಇಬ್ಬರೆಲ್ಲಿ ಅದಾರ? ಎರಡೂ ನಾನ."

"ಹಂಗಾರ ಒಬ್ಬರು ಹೊರಗ ಹೋಗ್ರಿ."

"ಯಾರು ಹೋಗಬೇಕು?"

ಸುಶೀಲವ್ವ ಗೂಡಿನ ಕಡೆ ನೋಡಿದಳು, ಹೊಟ್ಟಿನ ಕಡೆ ನೋಡಿದಳು. ಚರಿಗೆ ತೊಳೆಯಲು ಎದ್ದಳು.

ಮುಂದಿನ ಮೂರು ದಿನ ಬಹುಪಾಲು ಇದೇ ನಡೆಯಿತು. ಅವನು ಒಂದು ಸಂಜೆ ಹೊಲಕ್ಕೆ ಹೋಗಿ ನಿಂತು ನೋಡಿದ. ಆರು ಗಂಟೆಗೆ ಅಲ್ಲೇ ಕೆಮ್ಮು ಬಂತು, ಕೇಳುವವರಿಲ್ಲದೆ ವ್ಯರ್ಥವಾಯಿತು. ಆ ಬೇಸರ ತಾಳದೆ ಮತ್ತೆ ಮನೆಗೆ ಬಂದ. ನಾಲ್ಕನೆಯ ದಿನ, ತಿರ್ಲಾಪುರಕ್ಕೆ ಹೊರಡುವ ಬೆಳಗ್ಗೆ, ಹೊಸ ಧೋತರ ಉಟ್ಟು, ಚೀಲ ಹೆಗಲಿಗೇರಿಸಿ, ಕೊಟ್ಟಿಗೆಗೆ ಬಂದು ಗೂಡಿನ ಫೋನಿನ ಮೇಲೆ ಕೈ ಹಾಕಿದ.

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಸುಶೀಲವ್ವ. ಚರಿಗೆ ಮೊಣಕಾಲ ನಡುವೆ ಇತ್ತು.

"ಒಂದ ಸಲ. ಹೋಗೂ ಮುಂದ ಇದೊಂದ ಸಲ ನಾ ಕೆಮ್ಮತೀನಿ. ಅದು ಸುಮ್ಮನಿರಲಿ."

"ಹಾಲು ಏರಿದ್ರ?"

"ಏರೂದಿಲ್ಲ. ನನ್ನ ಎಮ್ಮಿ ಇದು. ನನ್ನ ಕೆಮ್ಮು ಅದಕ್ಕ ಗೊತ್ತೈತಿ."

"ನಿಮ್ಮ ಎಮ್ಮಿ ಯಾವಾಗ ಆತು? ಆತು, ಕೆಮ್ಮರಿ ನೋಡೂಣು."

ಸುಶೀಲವ್ವ ಮಾತು ಶುರುಮಾಡಿದಳು. ಬಾ ನನ್ನವ್ವಾ, ಬಾ ಚಂದ್ರಿ. ಬುದ್ಧಿಯ ಮಾತು ಬಂತು, ದೇವರು ಮರೆತದ್ದೂ ಬಂತು. ಈರಬಸಪ್ಪ ಎದೆ ತುಂಬ ಗಾಳಿ ತೆಗೆದುಕೊಂಡು ಕೆಮ್ಮಿದ. ಆ ಕೆಮ್ಮಿನಲ್ಲಿ ಮೂವತ್ತು ವರ್ಷದ ಬೀಡಿ ಇತ್ತು. ಒಂದು ಕುಂದೂ ಇರಲಿಲ್ಲ.

ಚಂದ್ರಿ ಕುತ್ತಿಗೆ ತಿರುಗಿಸಿ ಅವನನ್ನು ನೋಡಿದಳು. ಆಮೇಲೆ ಗೂಡನ್ನು ನೋಡಿದಳು. ಗೂಡನ್ನೇ ನೋಡುತ್ತ ನಿಂತಳು.

ಸುಶೀಲವ್ವ ಕೂತಲ್ಲಿಂದಲೇ ಕೈ ಚಾಚಿ ಫೋನು ಒತ್ತಿದಳು. ಫೋನು ಕೆಮ್ಮಿತು. ಹಾಲು ಇಳಿಯಿತು.

"ನೋಡಿದ್ರಿಲ್ಲ?" ಎಂದಳು. ಚರಿಗೆಯಲ್ಲಿ ಹಾಲಿನ ಸದ್ದು ಶುರುವಾಗಿತ್ತು. "ಬೇಜಾರ ಮಾಡಕೋಬ್ಯಾಡ್ರಿ. ಹೋಗಿ ಬರ್ರಿ. ಬಾಗಲಾ ದಾಟೂತನಕ ಕೆಮ್ಮಬ್ಯಾಡ್ರಿ ಮತ್ತ."

"ಅದನ್ನ ಇಟಗೊಂಡು ಸಂಸಾರ ಮಾಡು," ಎಂದ ಈರಬಸಪ್ಪ.

"ಎಮ್ಮಿ ಮುಂದ ಹೊಸಾ ಮಾತು ಆಡಬ್ಯಾಡ್ರಿ ಅಂತ ಹೇಳೀನಿ."

ಹೊಸ ಮಾತು ಇನ್ನೂ ಹತ್ತು ಇದ್ದವು. ಎಲ್ಲ ನುಂಗಿದ. ಕೆಮ್ಮು ಗಂಟಲಿಗೆ ಬಂದಿತ್ತು, ಅದನ್ನೂ ಹಿಡಿದ. ಕಣ್ಣಲ್ಲಿ ನೀರು ತುಂಬಿ, ಮುಖ ಕೆಂಪಾಗಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಅಂಗಳ ದಾಟಿದ. ಮಶಾಕಸಾಬ ಎದುರಿಗೆ ಬಂದು, "ಮದವಿಗೇನ್ರಿ ಕಾಕಾ? ಯಾವಾಗ ಬರೂದು?" ಎಂದು ಕೇಳಿದ. ಅವನು ಉತ್ತರ ಕೊಡಲು ಬಾಯಿ ತೆರೆಯುವಂತಿರಲಿಲ್ಲ. ಕೈ ಬೀಸಿ ನಡೆದ.

ಬಸ್ಸು ನಿಲ್ಲುವ ಕಡೆ ಬಂದು, ಟವೆಲ್ಲು ತೆಗೆದು, ಮನಸಾರೆ ಕೆಮ್ಮಿದ. ಅಲ್ಲಿ ಎರಡು ನಾಯಿ, ಒಬ್ಬ ಕಬ್ಬಿನ ಗಾಡಿಯವನು ಇದ್ದರು. ಯಾರ ಕಿವಿಯೂ ತಿರುಗಲಿಲ್ಲ. ಹುಬ್ಬಳ್ಳಿ ಬಸ್ಸು ಬಂತು, ಹತ್ತಿ ಕೂತ.

ತಿರ್ಲಾಪುರದಲ್ಲಿ ಮದುವೆ ಮುಗಿಯಿತು. ಬೀಗರ ಊಟ ಮುಗಿಯಿತು. ತಂಗಿಯ ಹೊಲದಲ್ಲಿ ಹತ್ತಿ ಬಿಡಿಸುವುದೂ ಮುಗಿಯಿತು. ಈರಬಸಪ್ಪ ತಂಬೂರಿಗೆ ಬರಲಿಲ್ಲ; ಅವನ ಕೆಮ್ಮು ಮಾತ್ರ ಕೊಟ್ಟಿಗೆಯ ಗೂಡಿನಿಂದ ಎರಡೂ ಹೊತ್ತು ಕೇಳುತ್ತಿತ್ತು.